ಮೀಟಿಂಗ್ ಐತಿ ಕಾಕಾ

ಕಂಪ್ಯೂಟರ್ ಪರದೆಯ ಒಂದು ಮೂಲೆಗೆ ಟಿವಿ ಕೂರಿಸಿ, ಉಳಿದ ಜಾಗದಲ್ಲಿ ನೌಕರಿ ಮಾಡುವ ಜಾತಿಯೊಂದು 2020ರ ಲಾಕ್‌ಡೌನಿನಲ್ಲಿ ಬೆಂಗಳೂರು, ಪುಣೆಗಳಿಂದ ಬಂದು ಹಳ್ಳಿಗಳಲ್ಲಿ ಇಳಿಯಿತು. ಹಿಪ್ಪರಗಿಯಲ್ಲಿ ನಮ್ಮ ಪಾಲಿಗೆ ಬಂದವನು ಅಣ್ಣನ ಮಗ. ಬೆಲ್ಲದ ಪೆಂಟಿ ಒಟ್ಟುತ್ತಿದ್ದ ಮಾಳಿಗೆಯ ಕೋಣೆ ಅವನ ಆಫೀಸಾಯಿತು. ಜೊತೆಯವರು ಒಬ್ಬೊಬ್ಬರಾಗಿ ಮರಳಿದರು, ಇವನು ಉಳಿದ.

ಇವನ ಒಂದು ಕಿವಿಯಲ್ಲಿ ಮ್ಯಾನೇಜರ್, ಇನ್ನೊಂದರಲ್ಲಿ ಕಾಮೆಂಟರಿ. ಬಾಗಿಲು ದೂಡಿದಿರೋ, ಎರಡು ಬೆರಳು ಆಡಿ ಮ್ಯಾಚು ಮಾಯವಾಗಿ ಅಂಕಿಗಳ ಕಾಲಮ್ಮು ಬರುತ್ತದೆ. ಕಡಕ್ ರೊಟ್ಟಿ ಮುರಿಯುವ ಮುಂಚೆ ಮೈಕು ಮ್ಯೂಟ್. ಮಳೆಗಾಲದಲ್ಲಿ ಹಿಪ್ಪರಗಿ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬುದನ್ನೂ ಅವನು ನ್ಯೂಸ್ ಚಾನೆಲ್ಲಿನಲ್ಲೇ ನೋಡಬೇಕು. "ಎದ್ದು ಹೊಳಿ ಕಡೆ ಹೋಗಿ ನೋಡೋ" ಎಂದರೆ, "ಮೀಟಿಂಗ್ ಐತಿ ಕಾಕಾ."

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪಡಸಾಲೆಯಲ್ಲಿ ನನ್ನದು ಡಿಶ್ ಟಿವಿ, ಮೇಲೆ ಅವನದು ಇಂಟರ್ನೆಟ್ಟು. ಉಪಗ್ರಹದಿಂದ ಬರುವ ಚಿತ್ರ ಬೇಗ ಇಳಿಯುತ್ತದೆ. ಇಂಟರ್ನೆಟ್ಟಿನದು ಕೆಲವು ಸೆಕೆಂಡುಗಳ ತುಣುಕಾಗಿ, ಒಂದಿಷ್ಟು ಜಮೆಯಾದ ಮೇಲೆ ಓಡುತ್ತದೆ. ಕೆಲವೊಮ್ಮೆ ಅರ್ಧ ನಿಮಿಷ ಹಿಂದೆ. ಹೀಗಾಗಿ ನಾನು ಸಿಕ್ಸರಿಗೆ ಕೂಗಿದಾಗ ಅವನ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ. ಮೇಲಿನಿಂದ ಆಜ್ಞೆ ಬರುತ್ತದೆ: "ಒದರಬ್ಯಾಡ್ರಿ ಕಾಕಾ!" ನಾನೇ ಸಾಲ ಮಾಡಿ ಕಟ್ಟಿಸಿದ ಮನೆ ಇದು.

2025ರ ಜೂನ್ 3. ಅಹಮದಾಬಾದಿನಲ್ಲಿ ಆರ್‌ಸಿಬಿ–ಪಂಜಾಬ್ ಫೈನಲ್. ಹದಿನೆಂಟನೇ ಸೀಸನ್ನು, ಕಪ್ ಒಂದೂ ಇಲ್ಲ. ಇವನಿಗೆ ಅದೇ ಹೊತ್ತಿಗೆ ಅಮೆರಿಕದವರ ಕಾಲ್. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕು. ಹೇಜಲ್‌ವುಡ್‌ನ ಮೊದಲ ಎರಡು ಎಸೆತಕ್ಕೆ ರನ್ನೇ ಇಲ್ಲ. ಅಲ್ಲಿಗೆ ಲೆಕ್ಕ ಮುಗಿಯಿತು. ನಾನು ಕೂಗಿದೆ, ಓಣಿಯಲ್ಲಿ ಪಟಾಕಿ ಹಾರಿದವು. ಸಾಹೇಬ ಕೊರಳಿಗೆ ಹೆಡ್‌ಫೋನ್ ಜೋತುಹಾಕಿಕೊಂಡು ನಿಚ್ಚಣಿಕೆಯ ತುದಿಗೆ ಓಡಿಬಂದ: "ಇನ್ನಾ ಒಂದ ಬಾಲ್ ಆಗೇತಿ, ಪಟಾಕಿ ಯಾಕ ಹೊಡ್ಯಾಕತ್ತಾರ?" ಅತ್ತ ಅಮೆರಿಕದವರೂ ಇದೇನು ಸದ್ದು ಎಂದು ಕೇಳಿದರಂತೆ. ಊರಾಗ ಜಾತ್ರೆ ಎಂದನಂತೆ. ಅವನು ಕೂಗುವ ಹೊತ್ತಿಗೆ ನಾನು ಕೊಹ್ಲಿ ಜೊತೆ ಕಣ್ಣೊರೆಸಿಕೊಂಡೂ ಆಗಿತ್ತು.

ಒಮ್ಮೆ ಬುದ್ಧಿ ಹೇಳಹೋದೆ. ಬನಹಟ್ಟಿಯ ಬೀಗರು ಧಾರವಾಡ ಆಕಾಶವಾಣಿ ಹಚ್ಚಿಕೊಂಡೇ ಸೀರೆ ನೇಯ್ದವರು. ಕಿವಿ ರೇಡಿಯೋಕ್ಕೆ, ಕಣ್ಣು ಮಾತ್ರ ಎಳೆಯ ಮೇಲೆ. ಕಣ್ಣು ತಪ್ಪಿದರೆ ಸೀರೆಯೇ ಹೇಳಿಬಿಡುತ್ತದೆ. ಇಷ್ಟೆಲ್ಲ ಕೇಳಿ ಅವನಂದ: "ನಂದೂ ಎಳಿ ಹರಿತೈತಿ ಕಾಕಾ. ರಾತ್ರಿ ಕುಂತು ಕೂಡಸ್ತೀನಿ." ಸುಳ್ಳಲ್ಲ. ನಡುರಾತ್ರಿ ನೀರಿಗೆ ಎದ್ದಾಗ ಮಾಳಿಗೆಯ ಬಾಗಿಲ ಸಂದಿಯಲ್ಲಿ ಬೆಳಕು ಇರುತ್ತದೆ. ಆಗ ಮೂಲೆಯ ಟಿವಿ ಬಂದ್.

1987ರಲ್ಲಿ ರಾಮಾಯಣ ಶುರುವಾದಾಗ ಟಿವಿ ಇದ್ದ ಒಂದು ಮನೆಗೆ ಓಣಿಯೇ ಹೋಗುತ್ತಿತ್ತು, ಚಪ್ಪಲಿ ಬದಲಾಗಿ ಜಗಳವಾಗುತ್ತಿತ್ತು. ಈಗ ಒಂದೇ ಪರದೆಯೊಳಗೆ ಒಬ್ಬನಿಗೇ ಎರಡು ಲೋಕ. ಹಾಗಂತ ಪೂರ್ತಿ ಬೈಯಲೂ ಆಗದು. ಮಧ್ಯಾಹ್ನ ವೈನಿ ಚಾ ಒಯ್ದು ಹಿಂದೆ ನಿಂತರೆ, ಕ್ರಿಕೆಟ್ ತೆಗೆದು, ರಾತ್ರಿ ಕರೆಂಟ್ ಹೋಗಿ ತಪ್ಪಿದ ಅವರ ಧಾರಾವಾಹಿ ಹಚ್ಚುತ್ತಾನೆ. ಅವನು ಬೆಂಗಳೂರಿನಲ್ಲಿದ್ದ ವರ್ಷಗಳಲ್ಲಿ ತಾಯಿ ಮಗ ಇಷ್ಟು ಹೊತ್ತು ಒಂದೆಡೆ ಇದ್ದದ್ದು ನಾನಂತೂ ಕಾಣೆ.

ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದರೆ ಬುದ್ಧಿ ಹೇಳಲು ಹೋಗಬೇಡಿ. ಪಡಸಾಲೆಯ ಟಿವಿಯ ದನಿ ತಗ್ಗಿಸಿ. ವಿಕೆಟ್ ಬಿದ್ದರೆ ಅರ್ಧ ನಿಮಿಷ ತಡೆದು ಕೂಗಿ.