ಆರು ವ್ಯಾಟಿನ ಆಳು

ಭದ್ರಾವತಿಯ ಜನ್ನಾಪುರದಲ್ಲಿ ಮನೆಗೆ ಹೊಸ ಯಂತ್ರ ಬಂದರೆ ಬೆಲೆ ಕೇಳುವವರಿಗಿಂತ ‘ಲೋಡ್ ಎಷ್ಟು?’ ಎನ್ನುವವರೇ ಹೆಚ್ಚು. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಊರಲ್ಲವೇ? ಬೀದಿಗೊಬ್ಬ ನಿವೃತ್ತ ಫಿಟ್ಟರ್, ಇನ್ನೊಬ್ಬ ನಿವೃತ್ತ ಎಲೆಕ್ಟ್ರಿಷಿಯನ್ ಇದ್ದೇ ಇರುತ್ತಾರೆ.

ಇಂಥಲ್ಲಿ ನನಗೆ ಮೀಡಿಯಾ ಸರ್ವರ್ ಇಡುವ ಚಪಲ ಹತ್ತಿತು. ಅಣ್ಣಾವ್ರ ಸಿನಿಮಾಗಳು, ತಂಗಿಯ ಮದುವೆ ವಿಡಿಯೊ, ಮಗ ಫೋನಿನಲ್ಲಿ ಹಿಡಿದ ಫೋರ್‌ಕೆ ಜೋಗ, ಎಲ್ಲ ಒಂದೇ ಹಾರ್ಡ್‌ಡಿಸ್ಕಿನಿಂದ ಪಡಸಾಲೆಯ ಟಿವಿಗೂ ಅಮ್ಮನ ಕೋಣೆಯ ಹಳೇ ಟಿವಿಗೂ ಹರಿಯಬೇಕು. ಸಾಫ್ಟ್‌ವೇರಿನ ಚಿಂತೆಯಿಲ್ಲ, ಜೆಲ್ಲಿಫಿನ್ ಪುಕ್ಕಟೆ. ತಕರಾರು ಎದ್ದದ್ದು ಪ್ರೊಸೆಸರಿನದು.

ಬೆಂಗಳೂರಿನಿಂದ ಭಾವಮೈದುನ ಫೋನು ಮಾಡಿದ. “ಭಾವ, ಹಾಕ್ಸೋದಾದ್ರೆ ಐ9 ಹಾಕ್ಸಿ. 14900ಕೆಎಫ್. ಇಪ್ಪತ್ನಾಲ್ಕು ಕೋರು!”

“ಅಮ್ಮಂಗೆ ‘ಬಂಗಾರದ ಮನುಷ್ಯ’ ತೋರ್ಸೋಕೆ ಇಪ್ಪತ್ನಾಲ್ಕು ಜನ ಬೇಕೇನೋ?”

ಫೈಲು ಟಿವಿಗೆ ಅರ್ಥವಾಗುವಂಥದ್ದಾದರೆ ಸರ್ವರಿಗೆ ಕೆಲಸವೇ ಇಲ್ಲ, ಡಿಸ್ಕಿನಿಂದ ತೆಗೆದು ಕೊಡುವುದಷ್ಟೆ. ಫಜೀತಿ ಅಮ್ಮನ ಟಿವಿಯದು. ಅದಕ್ಕೆ ಎಚ್.264 ಎಂಬ ವಿಡಿಯೊ ಫಾರ್ಮ್ಯಾಟ್ ಗೊತ್ತು, ಮಗನ ಫೋನಿನ ಎಚ್.265 ಗೊತ್ತಿಲ್ಲ. ಆಗ ಸಿನಿಮಾ ಓಡುತ್ತಿರುವಾಗಲೇ ಒಂದೊಂದು ಫ್ರೇಮನ್ನೂ ಬಿಚ್ಚಿ, ಕಿರಿದು ಮಾಡಿ, ಮತ್ತೆ ಕಟ್ಟಿ ಕಳಿಸಬೇಕು. ಟ್ರಾನ್ಸ್‌ಕೋಡಿಂಗ್ ಎಂದರೆ ಇದೇ. ಇದನ್ನು ಬರೀ ಕೋರುಗಳ ತಲೆಗೆ ಕಟ್ಟಿದರೆ ಫ್ಯಾನು ಊಳಿಡುತ್ತದೆ. ಅದಕ್ಕೆಂದೇ ಇಂಟೆಲ್ 2011ರಿಂದ ಚಿಪ್ಪಿನ ಗ್ರಾಫಿಕ್ಸ್ ಭಾಗದಲ್ಲಿ ಕ್ವಿಕ್ ಸಿಂಕ್ ಎಂಬ ಬೇರೆಯೇ ವ್ಯವಸ್ಥೆ ಇಟ್ಟಿದೆ. ತಮಾಷೆ ನೋಡಿ: ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರಿನಲ್ಲಿ ಗ್ರಾಫಿಕ್ಸೇ ಇರುವುದಿಲ್ಲ. ಇಪ್ಪತ್ನಾಲ್ಕು ಅಡುಗೆಭಟ್ಟರನ್ನು ಒಲೆಯಿಲ್ಲದ ಛತ್ರಕ್ಕೆ ಕರೆಸಿದ ಹಾಗೆ!

ಪಕ್ಕದ ಮನೆಯ ನಿವೃತ್ತ ಎಲೆಕ್ಟ್ರಿಷಿಯನ್ ಕಾಂಪೌಂಡಿನ ಆಚೆಯಿಂದಲೇ ವಿಚಾರಣೆ ಶುರುಮಾಡಿದರು. “ಮೇಷ್ಟ್ರೇ, ಹಗಲೂ ರಾತ್ರಿ ಆನ್ ಇರತ್ತಾ?”

“ಇರತ್ತೆ.”

ಕನ್ನಡಕ ಸರಿಮಾಡಿಕೊಂಡು ದಿನಸಿ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದರು. ಸುಮ್ಮನೆ ಕೂತಾಗಲೂ 70 ವ್ಯಾಟ್ ಎಳೆಯುವ ಯಂತ್ರಕ್ಕೆ ವರ್ಷಕ್ಕೆ 613 ಯೂನಿಟ್. 10 ವ್ಯಾಟಿನದಕ್ಕೆ 88. ಚೀಟಿಯನ್ನು ನನಗೆ ಕೊಡಲಿಲ್ಲ, ನನ್ನ ಹೆಂಡತಿಯ ಕೈಗೆ ಕೊಟ್ಟರು. ಅಲ್ಲಿಗೆ ಐ9 ಕಥೆ ಮುಗಿಯಿತು.

ಬಂದದ್ದು ಇಂಟೆಲ್ ಎನ್100, 2023ರ ಸರಕು. ನಾಲ್ಕೇ ಕೋರು, ಆರೇ ವ್ಯಾಟ್, ಒಳಗೆ ಕ್ವಿಕ್ ಸಿಂಕ್ ಇದೆ. ಇಡೀ ಪೆಟ್ಟಿಗೆ ಟಿವಿಯ ಹಿಂದೆ ಅಡಗುತ್ತದೆ. ಇದಕ್ಕೂ ಕಡಿಮೆ ಬೆಲೆಯಲ್ಲಿ ಆಗಬೇಕೆಂದರೆ ಯಾವುದೋ ಆಫೀಸು ಮಾರಿದ ಎಂಟನೇ ತಲೆಮಾರಿನ ಐ5 ಸಣ್ಣ ಪಿಸಿ ಸಿಕ್ಕರೂ ಸಾಕು, ಎಚ್.265 ಅದಕ್ಕೂ ಬರುತ್ತದೆ. ಹತ್ತು ಮನೆಗೆ ಸಿನಿಮಾ ಹಂಚುವ ಉಮೇದಿದ್ದವರ ಮಾತು ಬೇರೆ.

ಇದೇ ಹಾದಿ ಹಿಡಿಯುವವರಿಗೆ ಒಂದು ಮಾತು: ಜೆಲ್ಲಿಫಿನ್ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ ಅನ್ನು ನೀವೇ ಆನ್ ಮಾಡಿ. ಅದು ತಾನಾಗಿ ಆನ್ ಆಗುವುದಿಲ್ಲ.