ಕಾಕಾನ ಮಾರಿ, ಸಕ್ಕರೆ ಪಾಕ

ಔರಾದಿನ ಬೀಗರ ಮನೆಗೆ ಹೋಗಿ ಬಂದ ಮೇಲೆ ಭಾಲ್ಕಿಯ ನಮ್ಮ ಕಾಕಾ ಎರಡು ದಿನ ಯಾರ ಸಂಗಡವೂ ಮಾತಾಡಲಿಲ್ಲ. ಮೂರನೆಯ ದಿನ ಬೀದರಿಗೆ, ನೆಟ್ಟಗೆ ನನ್ನ ಮನೆಗೇ ಬಂದರು.

"ತಮ್ಮಾ, ನನ್ನ ಫೋಟೋ ಅಳೀದಂಗ ಏನರೆ ಮಾಡು."

ಅವರ ಅರವತ್ತಕ್ಕೆ ಗೆಳೆಯರು ಹಾಕಿಸಿದ್ದ ಫ್ಲೆಕ್ಸು ಕೈಯಿಂದ ಕೈಗೆ ದಾಟಿ, ಬೀಗರ ಕಣಿಕಿ ಬಣವಿಗೆ ಹೊದಿಕೆಯಾಗಿತ್ತಂತೆ. ಮೀಸೆಯನ್ನು ಬಿಸಿಲು ತಿಂದಿತ್ತು; ಗದ್ದವನ್ನು ಎಮ್ಮೆ ತಿನ್ನುತ್ತಿತ್ತು.

ಅಳಿಯದ ಚಿತ್ರಕ್ಕೆ ಬೀದರಿನಲ್ಲಿ ಬರವೇ? ಕೋಟೆಯ ರಂಗೀನ್ ಮಹಲಿಗೆ ಕರೆದುಕೊಂಡು ಹೋದೆ. ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು, ಅಲಿ ಬರೀದನ ಕಾಲದ್ದು, ನಾನೂರು ವರ್ಷ ದಾಟಿಯೂ ಹೊಳೆಯುತ್ತದೆ. ಕಾಕಾ ಕತ್ತು ನೋಯುವಷ್ಟು ಹೊತ್ತು ನೋಡಿದರು. "ಹೂ ಅದಾವ, ಬಳ್ಳಿ ಅದಾವ. ಮನಷಾನ ಮಾರಿ ಎಲ್ಲದ?" ಬಿದರಿ ಕೆಲಸ ತೋರಿಸಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತುಂಬಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದು ಅವರಿಗೆ ಹಿಡಿಸಿತು. ಆದರೆ ಬೆಳ್ಳಿ ರೇಟು ಕೇಳಿದ್ದೇ ಚಹಾ ಕುಡಿಯೋಣ ಅಂದರು.

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಲೈಬ್ರರಿಯ ಕಾಂಕ್ರೀಟ್ ಗೋಡೆ ತುಂಬ ಪೇಪರಿನಲ್ಲಿ ಬಂದ ಫೋಟೋಗಳಿವೆ, ಕಟ್ಟಡ 1999ರಲ್ಲಿ ಮುಗಿದದ್ದು ಎಂದುಬಿಟ್ಟೆ. ಸಿಮೆಂಟು ಗಟ್ಟಿಯಾಗುವುದನ್ನು ತಡೆಯುವ ಒಂದು ಮದ್ದಿನಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರ ಅಚ್ಚು ಹಾಕಿ, ಅದರ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಆಮೇಲೆ ತೊಳೆದರೆ ಮದ್ದು ತಾಗಿದ ಕಡೆ ಸಿಮೆಂಟು ಹೋಗಿ ಒಳಗಿನ ಖಡಿ ಕಾಣುತ್ತದೆ. ನಯವಾದದ್ದು ತಿಳಿ, ಒರಟಾದದ್ದು ಕಪ್ಪು.

"ಆ ಮದ್ದು ಯಾವುದು?" ಭಾಲ್ಕಿಗೆ ಬಂದಾಗ ಕಾಕಾನ ಗೌಂಡಿ ಕೇಳಿದ.

"ಸಕ್ಕರೆ ಹಾಕಿದ್ರೂ ಸಿಮೆಂಟ್ ಬಿಗಿಯಂಗಿಲ್ಲ" ಅಂದೆ.

ಇಪ್ಪತ್ತು ವರ್ಷ ಸಿಮೆಂಟು ಕಲಸಿದ ಮನುಷ್ಯ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಭಾಲ್ಕಿ ಸೀಮೆಯಲ್ಲಿ ಕಬ್ಬಿಗೂ ಕರಿಕಲ್ಲಿನ ಖಡಿಗೂ ಕೊರತೆಯಿಲ್ಲ. ಗಟ್ಟಿ ಪಾಕ ಕಾಸಿ, ಫೋಟೋದ ಮೇಲೆ ತೆಳು ಹಾಳೆ ಹಾಸಿ, ಬೆಂಕಿಕಡ್ಡಿ ಅದ್ದಿ ಅದ್ದಿ ಚುಕ್ಕೆ ಇಟ್ಟೆ. ನೆರಳಿದ್ದಲ್ಲಿ ಒತ್ತೊತ್ತಾಗಿ, ಬೆಳಕಿದ್ದಲ್ಲಿ ವಿರಳವಾಗಿ. ಕಾಕಾ ಪಕ್ಕದಲ್ಲೇ ಕೂತು, "ಮೀಸಿಗೆ ಇನ್ನೊಂದೀಟು ಹಾಕು" ಅನ್ನುತ್ತಿದ್ದರು. ಅವರ ಮೀಸೆ ಬೆಳ್ಳಗಾಗಿ ಹತ್ತು ವರ್ಷವಾಗಿದೆ. ಕಾಕಿ ಒಳಗಿನಿಂದಲೇ, "ಡಾಕ್ಟರ್ ಸಕ್ಕರಿ ಮುಟ್ಟಬ್ಯಾಡ ಅಂದಾರ, ಇವರು ಮಾರಿ ತುಂಬ ಬಳಕೋಲತ್ತಾರ" ಅಂದರು.

ಮರುದಿನ ಬೆಳಿಗ್ಗೆ ನೋಡಿದರೆ ಚಿತ್ರ ಬಲು ಚೆನ್ನಾಗಿ ಮೂಡಿತ್ತು. ನೆರಳು, ಬೆಳಕು, ಹಣೆಯ ಗೆರೆ ಎಲ್ಲ ಇತ್ತು, ಮೀಸೆಯಂತೂ ಮಿಸುಕಾಡುತ್ತಿತ್ತು. ಅಷ್ಟೂ ಇರುವೆ.

ಎರಡನೆಯ ಸಲ ಹಾಲಿನ ಕಪಾಟಿಗೆ ಮಾಡುವಂತೆ ಮೇಜಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲಿಟ್ಟೆವು. ಗೌಂಡಿ ಕಾಂಕ್ರೀಟ್ ಸುರಿದ. ಮರುದಿನ ಬಗಲಿಗೆ ಕೈಹಚ್ಚಿ ಚಪ್ಪಡಿ ಮಗುಚಿ, ನೀರು ಬಿಟ್ಟು ಬ್ರಶ್ಶಿನಿಂದ ತಿಕ್ಕಿದೆವು. ಕೂದಲು ಬಂತು. ಮೀಸೆ ಬಂತು, ಕಡುಗಪ್ಪು. ಕಾಕಾನ ಕಣ್ಣಲ್ಲಿ ನೀರು ಬಂತು. ಆದರೆ ಹಾಳೆಗೆ ಮುಖ ಮಾಡಿ ಬಿಗಿದ ಕಾಂಕ್ರೀಟಿನಲ್ಲಿ ಎಲ್ಲವೂ ಕನ್ನಡಿಯಂತೆ ಉಲ್ಟಾ ಬರುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಎಡಗೆನ್ನೆಯ ಮಚ್ಚೆ ಬಲಕ್ಕೆ ಬಂದಿತ್ತು.

ಕಾಕಿ ಬಂದು ಸೆರಗು ಸರಿಮಾಡಿಕೊಂಡು ನೋಡಿದರು. "ಇವರಲ್ಲ. ಇವರ ತಮ್ಮ ಇದ್ದಂಗ ಅದಾರ."

ತಮ್ಮನೊಂದಿಗೆ ಕಾಕಾಗೆ ಹೊಲದ ಬದುವಿನ ಜಗಳ. ಚಪ್ಪಡಿ ಗೋಡೆ ಏರಲಿಲ್ಲ. ಹಿತ್ತಿಲಿನ ನಲ್ಲಿಯ ಕೆಳಗೆ ಬಿತ್ತು. ಖಡಿ ಎದ್ದ ಒರಟು ಮೈ ನೋಡಿ, ಈಗ ಕಾಕಿ ಅದರ ಮೇಲೇ ಬಟ್ಟೆ ಒಗೆಯುತ್ತಾರೆ. ಕಾಲರಿನ ಮಣ್ಣು ಮೀಸೆಯ ಮೇಲೆ ತಿಕ್ಕಿದಷ್ಟು ಚಂದ ಇನ್ನೆಲ್ಲೂ ಹೋಗುವುದಿಲ್ಲವಂತೆ.