ಎಫ್‌ಸಿ ಮೀಮಾಂಸೆ

ಲಾರಿ ಇದೆ ಎಂದು ತಿಳಿಯುವುದು ಹೇಗೆ? ಹಾರನ್ ಕೇಳಿಸಿತು, ಧೂಳೆದ್ದಿತು, ನಾವು ಚರಂಡಿಗೆ ಹಾರಿದೆವು, ಆದ್ದರಿಂದ ಲಾರಿ ಇದೆ ಎಂಬುದು ಪೂರ್ವಪಕ್ಷ. 1988ರ ಮೋಟಾರು ವಾಹನ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಅದರ 56ನೇ ಕಲಮಿನ ಪ್ರಕಾರ ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ, ಅಂದರೆ ಎಫ್‌ಸಿ ಇಲ್ಲದ, ಸಾರಿಗೆ ವಾಹನವನ್ನು ನೋಂದಣಿಯಾದದ್ದೆಂದೇ ಭಾವಿಸತಕ್ಕದ್ದಲ್ಲ. ಹತ್ತು ಚಕ್ರ, ಒಂದು ಲೋಡು ಜಲ್ಲಿ, ಡ್ರೈವರು, ನಿದ್ದೆಯಲ್ಲಿರುವ ಕ್ಲೀನರು, ಎಲ್ಲವೂ ಎಫ್‌ಸಿ ಮುಗಿದ ಮಧ್ಯರಾತ್ರಿಗೆ ಮಾಯೆ. ಜಗತ್ತು ಮಿಥ್ಯೆಯೆಂದು ಸಾಧಿಸಲು ಶಂಕರಾಚಾರ್ಯರು ಭಾಷ್ಯದ ಮೇಲೆ ಭಾಷ್ಯ ಬರೆಯಬೇಕಾಯಿತು. ಸಂಸತ್ತು ಒಂದೇ ಕಲಮಿನಲ್ಲಿ ಮುಗಿಸಿತು.

ಇನ್ನು ಕಾಲನಿರ್ಣಯ. 2018ರ ತಿದ್ದುಪಡಿಯಂತೆ ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ವಟುವಿಗೆ ಎಂಟಕ್ಕೆ ಉಪನಯನವಾದರೆ, ಲಾರಿಗೆ ಎಂಟಕ್ಕೆ ನೇರವಾಗಿ ವರ್ಷಾಬ್ದಿಕ ಶುರು. ತಿಥಿ ತಪ್ಪಿದರೆ ಪ್ರಾಯಶ್ಚಿತ್ತವನ್ನೂ ವಿಧಿಸಲಾಗಿದೆ: 2016ರ ಡಿಸೆಂಬರಿನ ನಿಯಮದಂತೆ ತಡವಾದ ದಿನವೊಂದಕ್ಕೆ 50 ರೂಪಾಯಿ. ತಿಥಿ ಹೇಳುವ ಜೋಯಿಸರನ್ನು ಲೋಕದಲ್ಲಿ ಏಜೆಂಟ್ ಎನ್ನುವುದು ವಾಡಿಕೆ. ಇನ್ಶೂರೆನ್ಸು, ತೆರಿಗೆ, ಹೊಗೆ ತಪಾಸಣೆಯ ಚೀಟಿ, ಆನ್‌ಲೈನ್ ಸ್ಲಾಟು, ಈ ನಾಲ್ಕು ಗ್ರಹಗಳು ಒಂದೇ ಮನೆಯಲ್ಲಿ ಕೂಡುವ ದಿನ ಹುಡುಕುವುದು ಇವರ ವಿದ್ಯೆ. ಕೂಡಿದವೆನ್ನುವಷ್ಟರಲ್ಲಿ ಮಾಲೀಕರು ಮಂಗಳವಾರ ಬೇಡ ಅನ್ನುತ್ತಾರೆ. ಮಂಡ್ಯದ ಕಡೆಯವರಾದರೆ, ಕಬ್ಬಿನ ಸೀಸನ್ ಮುಗಿಯಲಿ ಅನ್ನುತ್ತಾರೆ. ಸರ್ವರ್ ಡೌನ್ ಎಂಬ ರಾಹುಕಾಲಕ್ಕೆ ಮಾತ್ರ ಇಂತಿಷ್ಟು ಹೊತ್ತೆಂಬುದಿಲ್ಲ.

ಪ್ರಮಾಣವಿಚಾರದಲ್ಲಿ ಹಳೆಯ ನ್ಯಾಯಶಾಸ್ತ್ರ ಸ್ವಲ್ಪ ರಿಪೇರಿ ಕೇಳುತ್ತದೆ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬೇಕೆನ್ನುತ್ತಾರೆ ನೈಯಾಯಿಕರು. ಅವರು ಶಿರಾಡಿ ಘಾಟಿಯಲ್ಲಿ ಲೋಡು ಲಾರಿಯ ಹಿಂದೆ ಸಿಕ್ಕಿಕೊಂಡವರಲ್ಲ. ಅಲ್ಲಿ ಹೊಗೆ ಕಂಡರೆ, ಹೊಗೆಯಿಲ್ಲವೆಂಬ ಚೀಟಿ ಕ್ಯಾಬಿನ್ನಿನಲ್ಲಿದೆ ಎಂದು ಊಹಿಸತಕ್ಕದ್ದು.

ಪ್ರಸ್ತುತ ಪ್ರಬಂಧದ ಮುಖ್ಯ ಸಿದ್ಧಾಂತ ಟೈರಿಗೆ ಸಂಬಂಧಿಸಿದ್ದು. ಗ್ಯಾರೇಜುಗಳ ಮೌಖಿಕ ಪರಂಪರೆಯ ಪ್ರಕಾರ, ಒಳ್ಳೆಯ ಟೈರುಗಳು ಬ್ರೇಕ್ ಇನ್‌ಸ್ಪೆಕ್ಟರ ದರ್ಶನಕ್ಕೆ ಇವತ್ತು ಈ ಲಾರಿಯಲ್ಲಿ, ನಾಳಿದ್ದು ಆ ಲಾರಿಯಲ್ಲಿ ಹೋಗಿಬರುತ್ತವೆ. ಆತ್ಮವು ಹಳೆಯ ದೇಹ ಬಿಟ್ಟು ಹೊಸ ದೇಹ ಸೇರುವುದೆಂದು ಕೇಳಿದ್ದೇವೆ. ಇಲ್ಲಿ ಹೊಸದು ಹಳೆಯದನ್ನು ಸೇರಿ, ಸಂಜೆಗೆ ಬಿಟ್ಟುಬರುತ್ತದೆ. ಹೀಗಾಗಿ ಲಾರಿ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂತರೆ, ಟೈರು ತಿಂಗಳಿಗೆ ನಾಲ್ಕು ಸಲ ಪಾಸಾಗುತ್ತದೆ. ನಾಡಿನ ಅತ್ಯಂತ ಸುರಕ್ಷಿತ ವಸ್ತು ಅದೇ. ಅದು ರಸ್ತೆಯಲ್ಲಿ ಓಡುವುದು ಕಡಿಮೆಯಾದ್ದರಿಂದ ಸವೆಯುವ ಭಯವೂ ಇಲ್ಲ. ಎಫ್‌ಸಿಯನ್ನು ಲಾರಿಗೆ ಬದಲು ಈ ಟೈರುಗಳಿಗೇ ಕೊಟ್ಟರೆ ಕೆಲಸ ಎಷ್ಟು ಹಗುರ!

ಸ್ಪೀಡ್ ಗವರ್ನರಿನದು ಅವಸ್ಥಾಭೇದ. ಗಂಟೆಗೆ 80 ಕಿ.ಮೀ. ಮೀರದಂತೆ ಲಾರಿಯನ್ನು ಹಿಡಿಯಬೇಕಾದ ಆ ಡಬ್ಬಿಗೆ ಎಫ್‌ಸಿಯ ದಿನ ಜಾಗ್ರದವಸ್ಥೆ, ಮರುದಿನದಿಂದ ಸುಷುಪ್ತಿ. ರೇಡಿಯಂ ಪಟ್ಟಿ, ವೈಪರು, ಇಂಡಿಕೇಟರುಗಳ ವಿಷಯ ಹೆಚ್ಚು ಬೆಳೆಸುವುದಿಲ್ಲ. ಒಂದು ದಿನದ ಮದುಮಗನ ಒಡವೆಗಳವು.

ಆಕ್ಷೇಪ: 2021ರ ನಿಯಮಗಳ ಮೇಲೆ ಯಂತ್ರಗಳೇ ಪರೀಕ್ಷಿಸುವ ಕೇಂದ್ರಗಳು ಬರುತ್ತಿವೆಯಲ್ಲ? ರೋಲರಿನ ಮೇಲೆ ಚಕ್ರ ನಿಲ್ಲಿಸಿದರೆ ಬ್ರೇಕಿನ ಬಲವನ್ನು ಅದೇ ಅಳೆಯುತ್ತದಲ್ಲ? ಸಮಾಧಾನ: ಅಳೆಯುತ್ತದೆ, ಚೆನ್ನಾಗಿಯೇ ಅಳೆಯುತ್ತದೆ. ಆದರೆ ರೋಲರಿಗೆ ತನ್ನ ಮೇಲೆ ನಿಂತ ಚಕ್ರದ ಪರಿಚಯವಿದೆಯೇ ಹೊರತು, ಅದು ನಿನ್ನೆ ಯಾರ ಮನೆಯಲ್ಲಿತ್ತು ಎಂಬುದರದ್ದಲ್ಲ.

ಫಸ್ಟ್ ಏಡ್ ಬಾಕ್ಸಿನೊಳಗೆ ಏನಿದೆ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ಇದ್ದರೆ ಸಾಕೆಂದು ಪರೀಕ್ಷಿಸಿದವರು ಅದನ್ನು ತೆರೆಯಲಿಲ್ಲ. ಬೀಗದ ಕೈ ಹಿಂದಿನ ಮಾಲೀಕರ ಬಳಿ ಇದೆಯಂತೆ.